ಮಿಲಿಟರಿ ಮನೆಯ ಅವರೆ ಸಾಲು

ಅವರೆಕಾಯಿಯ ಸೊಗಡನ್ನೂ ನಾನು ಸುಮ್ಮನೆ ನಂಬುವವನಲ್ಲ. ಮೊನ್ನೆ ದೊಡ್ಡಬಳ್ಳಾಪುರದ ಮಾರುಕಟ್ಟೆಯಲ್ಲಿ ಒಬ್ಬಾಕೆ ಗೋಣಿಚೀಲದ ಮೇಲೆ ಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಬಗ್ಗಿ ಮೇಲಿನದೊಂದು ಎತ್ತಿ ಮೂಸಿದೆ. ಆಮೇಲೆ ಕೈ ತೂರಿಸಿ ಅಡಿಯಿಂದ ಒಂದು ಎಳೆದು ಮೂಸಿದೆ. ಮೇಲಿನ ಕಾಯಿಗೆ ವಾಸನೆಗೆ ಅಂತ ಏನಾದರೂ ಚಿಮುಕಿಸಿರಬಹುದು, ಅಡಿಯದಕ್ಕೂ ಚಿಮುಕಿಸುವ ತಾಳ್ಮೆ ಯಾರಿಗಿರುತ್ತದೆ? "ಏನ್ ಸಾಮಿ, ಕಾಯಿ ತಗೊಳಕ್ ಬಂದ್ರೋ, ಹೆಣ್ಣು ನೋಡಕ್ ಬಂದ್ರೋ?" ಎಂದು ಆಕೆ ರೇಗಿದಳು. ಬೆರಳಿಗೆ ಅಂಟಂಟಾಗಿ ಹತ್ತಿತು. ನಿಜವಾದ ಸೊಗಡೇ. ಎರಡು ಕೇಜಿ ಹಾಕಿಸಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ವಾಸನೆ ಚೀಲದಿಂದ ಏಳುತ್ತಲೇ ಇತ್ತು. ಹನುಮಂತರಾಯಪ್ಪನವರ ಹೊಲದಲ್ಲಿ ಯಾರೂ ಕೀಳದೆ ಬಿಟ್ಟಿದ್ದ ಅವರೆ ಸಾಲು ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ನಾವು ಯಾರೂ ಕಾಣದ ಒಂದು ಪುಟ್ಟ ದೇಶದ ಸೈನ್ಯವೂ ಬಂತು.

ಅನುಮಾನ ನನ್ನ ಹುಟ್ಟುಗುಣವೋ ಕೆಲಸದಿಂದ ಬಂದದ್ದೋ ಹೇಳಲಾರೆ. ಮಧುರೆ ಹೋಬಳಿಯ ನಮ್ಮೂರಿನ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಎರಡು ಹೊತ್ತೂ ಜನ ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ ನೀರು ಬೆರೆಸಿದ್ದಾರೋ ಇಲ್ಲವೋ ನೋಡಬೇಕು. ಅದೊಂದನ್ನೇ ನಂಬಿದರೂ ಕೆಟ್ಟೆ. ಕೆನೆ ತೆಗೆದು ಅದಕ್ಕೆ ತಕ್ಕಂತೆ ನೀರು ಸೇರಿಸಿದರೆ ಲ್ಯಾಕ್ಟೋಮೀಟರ್ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಅದಕ್ಕೇ ಜಿಡ್ಡನ್ನೂ ಪರೀಕ್ಷೆ ಮಾಡುವುದು. ಸ್ವಂತ ಚಿಕ್ಕಪ್ಪನ ಕ್ಯಾನನ್ನೂ ನಾನು ಬಿಟ್ಟವನಲ್ಲ. ಚಿಕ್ಕಮ್ಮ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು, ಇರಲಿ.

ಡೇರಿ ಮುಂದೆ ಬೇವಿನ ಮರ, ಅದರಡಿ ಒಂದು ಕಲ್ಲುಬೆಂಚು. ಅದರ ಗೋಡೆ ಕಡೆಯ ತುದಿ ಹನುಮಂತರಾಯಪ್ಪನವರದು. ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾಗಿ ಬಂದ ಮೇಲೆ ಊರು ಅವರನ್ನು ಮಿಲಿಟರಿ ಎಂದೇ ಕರೆಯುತ್ತಿತ್ತು. ಅವರು ಇಲ್ಲದಾಗಲೂ ಆ ತುದಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಹಾಲು ಅಳೆಸಿ ಅಲ್ಲಿ ಕೂತರೆ ಕಥೆ ಶುರು. ಅದರಲ್ಲೂ ಹಿಮದಲ್ಲಿ ಕಾವಲು ನಿಂತು ಬೆಳಗಿನವರೆಗೂ ರೆಪ್ಪೆ ಮುಚ್ಚದ ಕಥೆ ನಮಗೆಲ್ಲ ಬಾಯಿಪಾಠ. ಅದು ಮುಗಿದರೆ ಇಸ್ರೇಲ್ ಸೈನ್ಯದ ಗುಣಗಾನ.

"ನಮ್ ಜಿಲ್ಲೆ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಾಲ್ಕೂ ಸೇರ್ಸಿದ್ರೆ ಎಷ್ಟಾಯ್ತದೋ ಅಷ್ಟೇ ಕಣ್ರಪ್ಪಾ ಆ ದೇಶ. ಸುತ್ತಾ ವೈರಿಗಳು. ಆದ್ರೂ ಒಂದು ಇಲಿ ಒಳಕ್ ನುಗ್ಗಂಗಿಲ್ಲ. ಹೆಣ್ಮಕ್ಳೂ ಬಂದೂಕ ಹಿಡೀತಾರೆ."

"ನೀವು ಅಲ್ಲಿಗೆ ಹೋಗಿದ್ರಾ ಹನುಮಂತಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಸೈನಿಕನಿಗೆ ಸೈನಿಕ ಗೊತ್ತಾಗ್ತಾನೆ ಸೆಕ್ರೆಟ್ರಿ" ಎಂದರು. ಇಂಥ ಉತ್ತರ ಬಂದರೆ ನನಗೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ.

ಇದೆಲ್ಲ ಬೆಂಚಿನ ಮಾತಾಗಿ ಉಳಿದಿದ್ದರೆ ತೊಂದರೆಯಿರಲಿಲ್ಲ. ಅವರ ಒಬ್ಬಳೇ ಮಗಳು ಮಂಜುಳಾ ನರ್ಸಿಂಗ್ ಕಲಿತು ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿದ್ದಳು. ಜೊತೆಗಿದ್ದ ಮಂಗಳೂರು ಕಡೆಯ ಹುಡುಗಿ ಇಸ್ರೇಲಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದಳು, ಇವಳನ್ನೂ ಕರೆದಳು. ತಾಯಿ ಜಯಮ್ಮ ಸುತರಾಂ ಬೇಡ ಎಂದರು. ಮಿಲಿಟರಿಯೇ ಹೆಂಡತಿಯ ಬಾಯಿ ಮುಚ್ಚಿಸಿದ್ದು. "ಆ ಸೈನ್ಯ ಇರೋ ತನ್ಕ ಅವ್ಳು ನಮ್ಮನೇಲಿ ಇದ್ದಂಗೇ ಕಣೇ" ಎಂದರು. ಅಪ್ಪನ ಆ ಮಾತಿನ ಮೇಲೆ ಮಂಜುಳಾ ವಿಮಾನ ಹತ್ತಿದಳು. ಅಲ್ಲಿ ಒಂಟಿ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ನಡೆಯಲಾಗದ ಹೆಂಗಸು.

ಆ ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟಿತ್ತು. ರಾಗಿ ಪೈರು ಮೊಳಕಾಲುದ್ದ ಬಂದು ಅಲ್ಲೇ ನಿಂತುಕೊಂಡಿತ್ತು. ನಡುನಡುವೆ ಬಿಟ್ಟ ಅವರೆ ಸಾಲುಗಳು ಮಾತ್ರ ಇಬ್ಬನಿಯನ್ನೇ ನಂಬಿ ಹಸಿರಾಗಿದ್ದವು. ಅಕ್ಟೋಬರಿನ ಆ ಶನಿವಾರ ಸಂಜೆ ಡೇರಿಗೆ ಬಂದವರೆಲ್ಲರ ಬಾಯಲ್ಲೂ ಒಂದೇ ಸುದ್ದಿ. ಇಲಿಯೂ ನುಗ್ಗಲಾರದ ಬೇಲಿಯನ್ನು ಒಡೆದು ಗಾಜಾ ಕಡೆಯಿಂದ ಬಂದೂಕಿನವರು ನುಗ್ಗಿದ್ದರು. ಊರೂರಿನಲ್ಲಿ ಜನರನ್ನು ಕೊಂದು, ಸಿಕ್ಕವರನ್ನು ಎಳೆದುಕೊಂಡು ಹೋಗಿದ್ದರು. ಸೈನ್ಯ ಬರುವುದಕ್ಕೆ ಗಂಟೆಗಟ್ಟಲೆ ಹಿಡಿಯಿತಂತೆ. ಮಿಲಿಟರಿ ಹಾಲು ಅಳೆಸಿ, ಬೆಂಚಿನ ಕಡೆ ನೋಡದೆ ಮನೆಗೆ ಹೋದರು.

ಮಂಜುಳಾಗೆ ಏನೂ ಆಗಿರಲಿಲ್ಲ. ಅವಳಿದ್ದ ಊರು ದೂರವಂತೆ. ಆದರೆ ಸೈರನ್ ಕೂಗುತ್ತಿತ್ತಂತೆ, ರಾಕೆಟ್ ಬೀಳುತ್ತಿದ್ದವಂತೆ. ನಮ್ಮ ಸರ್ಕಾರ ವಿಮಾನ ಕಳಿಸಿ ಬರುವವರನ್ನು ಕರೆತರುತ್ತಿತ್ತು. ಅವಳನ್ನು ವಾಪಸ್ ಕರೆಸಿ ಎಂದು ಜಯಮ್ಮ. ಏನೂ ಆಗಲ್ಲ, ಆ ಸೈನ್ಯ ನಂಗೊತ್ತು ಎಂದು ಮಿಲಿಟರಿ. ಮನೆಯ ಜಗಳ ಅಷ್ಟೇ. ಆದರೆ ಊರು ದಿನಾ ಬೆಳಗ್ಗೆ ಡೇರಿ ಮುಂದೆ ಕೂತು ಚರ್ಚಿಸಿದ್ದೂ ಅದೇ ಪ್ರಶ್ನೆ. ಆ ಸೈನ್ಯ ನಂಬಿಕೆಗೆ ಅರ್ಹವೋ ಅಲ್ಲವೋ? ಉಳಿದವರಿಗೆ ಅದು ಹೊತ್ತು ಹೋಗುವ ಮಾತು. ಜಯಮ್ಮನಿಗೆ ಮಗಳ ಜೀವ.

ವಾದಕ್ಕೆ ಎದುರಾಳಿ ಕಿರಣ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ, ಬೈಕಿನಲ್ಲಿ ಮನೆಗೆ ಹೋಗಿ, ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಮೊಬೈಲು.

"ಬೇಲಿ ಮೇಲೆಲ್ಲಾ ಕ್ಯಾಮೆರಾ ಇತ್ತಂತೆ ಮಾವ. ಬುಲ್ಡೋಜರ್ ತಂದು ಕೆಡವೋ ತನ್ಕ ಯಾರೂ ಏಳ್ಲಿಲ್ಲ ಅಂದ್ರೆ ಏನ್ ಗುರು ಅದು? ಐವತ್ತು ವರ್ಷದ ಹಿಂದೆನೂ ಹಬ್ಬದ ದಿನ ಹಿಂಗೇ ಏಮಾರಿದ್ರಂತೆ. ಆಮೇಲೆ ಲೆಬನಾನ್‌ನಾಗೂ ಅಂದ್ಕೊಂಡಂಗೆ ಆಗ್ಲಿಲ್ವಂತೆ. ಹೆಸ್ರು ಮಾತ್ರ ದೊಡ್ದು."

"ಏಮಾರಿದ್ರು ಕಣೋ. ಸುಧಾರಿಸ್ಕೊಂಡು ತಿರುಗಿ ಹೊಡೀಲಿಲ್ವಾ? ಅದನ್ನ ನಿನ್ ಮೊಬೈಲು ತೋರ್ಸಲ್ವಾ?"

"ತಿರುಗಿ ಹೊಡ್ಯೋದು ಬಿಡಿ ಮಾವ. ಕಾಯೋಕೆ ಅಂತ ಇರೋರು ಕಾದ್ರಾ?"

ಮಿಲಿಟರಿ ಮೀಸೆ ತಿರುವುತ್ತಾ ಮನೆ ಕಡೆ ಹೊರಡುತ್ತಿದ್ದರು. ಮರುದಿನ ಮತ್ತೆ ಅದೇ. ನಾನು ಇಬ್ಬರನ್ನೂ ನಂಬಲಿಲ್ಲ. ಕಿರಣನ ವಿಡಿಯೋಗಳನ್ನು ಯಾರು ಮಾಡಿದ್ದೋ, ಯಾವ ಯುದ್ಧದ್ದೋ. ಟೀವಿಯಲ್ಲಿ ಕಿರುಚುವವರಿಗೆ ದೀಪಾವಳಿ ಪಟಾಕಿಗೂ ರಾಕೆಟ್ಟಿಗೂ ವ್ಯತ್ಯಾಸ ಗೊತ್ತಿದ್ದಂತೆ ಕಾಣಲಿಲ್ಲ. ಮಿಲಿಟರಿ ಮಾತಿನಲ್ಲಂತೂ ನೀರು ಎದ್ದು ಕಾಣುತ್ತಿತ್ತು. ಮಗಳನ್ನು ಕಳಿಸಿದ್ದು ತಪ್ಪು ಎಂದು ಒಪ್ಪಿಕೊಳ್ಳಲಾರದೆ ಜಂಬಕ್ಕೆ ಹಠ ಮಾಡುತ್ತಿದ್ದಾರೆ ಎಂದೇ ನನ್ನ ಎಣಿಕೆ. ಅಷ್ಟರಲ್ಲಿ ಊರಲ್ಲೇ ಎರಡು ಕಡೆಯಾಯಿತು. ಸೈನ್ಯ ಮಲಗಿತ್ತು ಎಂದವನನ್ನು ಇವನು ಆ ಕಡೆಯವನೋ ಎಂದು ನೋಡುವುದು, ಅಲ್ಲ ಎಂದವನನ್ನು ಇವನಿಗೆ ಯಾರು ಹೇಳಿಕೊಟ್ಟರೋ ಎಂದು ನೋಡುವುದು. ಗಾಜಾ ಎಲ್ಲಿದೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಜಯಮ್ಮ ತಾವೇ ಕ್ಯಾನು ಹಿಡಿದು ಬಂದರು. ಬೆಂಚಿನ ಮಾತು ಗಕ್ಕನೆ ನಿಂತಿತು. ಆಕೆ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು.

"ನಾನು ಬಂದೇಟ್ಗೆ ಯಾಕ್ರಪ್ಪಾ ಎಲ್ರೂ ಮೂಕರಾದ್ರಿ?"

"ಏನಿಲ್ಲ ಅತ್ತೆ. ಆ ಸೈನ್ಯ ಭಾರಿ ಗಟ್ಟಿ ಅಂತ ಮಾತಾಡ್ತಿದ್ವಿ" ಎಂದ ಕಿರಣ. ಅರ್ಧ ನಿಮಿಷದ ಹಿಂದೆ ಅದೇ ಸೈನ್ಯಕ್ಕೆ ಅವನು ಮಣ್ಣು ಮುಕ್ಕಿಸಿದ್ದ. ಉಳಿದವರು ಹೌದೌದು ಎಂದು ತಲೆಯಾಡಿಸಿದರು.

ಜಯಮ್ಮ ನನ್ನ ಕಡೆ ತಿರುಗಿದರು. "ನಮ್ ಹಾಲಲ್ಲಿ ನೀರು ಹುಡುಕ್ತೀಯಲ್ಲಪ್ಪಾ ಸೆಕ್ರೆಟ್ರಿ, ಈ ಮಾತಲ್ಲಿ ಎಷ್ಟು ನೀರೈತೆ ಅಂತ ಒಸಿ ನೋಡಿ ಹೇಳು."

ಇದ್ದ ವಿಷಯ ಹೇಳಿದೆ. "ನಂಗೆ ಗೊತ್ತಿಲ್ಲ ಜಯಕ್ಕ."

"ನಂಗೊತ್ತೈತೆ. ಮೊದ್ಲೆಲ್ಲಾ ಅವ್ಳು ಫೋನ್ ಮಾಡಿದ್ರೆ ಹಿಂದೆ ಕಿಟಕಿ ಕಾಣ್ತಿತ್ತು, ಅಡುಗೆಮನೆ ತೋರಿಸ್ತಿದ್ಲು, ಬೀದೀಲಿ ನಿಂಬೆ ಗಿಡ ತೋರಿಸ್ತಿದ್ಲು. ಈಗ ಬರೀ ಒಂದು ಬೋಳು ಗೋಡೆ. ಚೆನ್ನಾಗಿದೀನಿ ಅಮ್ಮ ಅಂತಾಳೆ. ಚೆನ್ನಾಗಿರೋರು ಗೋಡೆ ಮುಂದೆ ಕೂತು ಮಾತಾಡ್ತಾರಾ?" ಕ್ಯಾನಿನ ಮುಚ್ಚಳ ಹಾಕುತ್ತಾ, "ಟೀವೀಲಿ ಆ ಕಡೆ ಮಕ್ಳನ್ನ ಕಲ್ಲುಮಣ್ಣಿಂದ ಎತ್ಕೊಂಡು ಓಡ್ತಾ ಇದ್ರು. ಅವೂ ಯಾರೋ ಹೆತ್ತ ಮಕ್ಳೇ ಅಲ್ವಾ? ಯಾರು ಗೆದ್ರೆ ಯಾರಿಗೇನು ಬಂತು" ಎಂದು ಕ್ಯಾನು ಎತ್ತಿಕೊಂಡು ಹೋದರು. ಆ ದಿನ ಯಾರೂ ಮತ್ತೆ ವಾದ ಎತ್ತಲಿಲ್ಲ. ಮರುದಿನ ಎತ್ತಿದರು.

ಮಂಜುಳಾ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದಳು, ಅವರೆಕಾಯಿ ಕಾಲಕ್ಕೆ ಬರ್ತೀನಿ ಎಂದು. ಚಿಕ್ಕಂದಿನಿಂದ ಅವಳಿಗೆ ಹಿತಕಿದ ಅವರೆಬೇಳೆಯ ಸಾರೆಂದರೆ ಪ್ರಾಣ. ನೆನೆಸಿದ ಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆ ಹಾರಿಸುವುದಕ್ಕೆ ಅವಳೇ ಮುಂದೆ ಕೂರುತ್ತಿದ್ದಳು. ಹಾಗಾಗಿ ರಾಗಿ ಕೊಯ್ಲಾದ ಮೇಲೆ ಜಯಮ್ಮ ಹೊಲದಲ್ಲಿ ಒಂದು ಸಾಲು ಅವರೆಯನ್ನು ಮುಟ್ಟದೆ ಬಿಟ್ಟರು. ಚಳಿ ಬಂತು. ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಹಾಲಿನ ಗಾಡಿ ದೀಪ ಹಾಕಿಕೊಂಡು ಬರುತ್ತಿತ್ತು. ಊರಿನವರೆಲ್ಲ ಕಾಯಿ ಕಿತ್ತು ತಿಂದು ಮಾರಿದರು. ಮಿಲಿಟರಿ ಮನೆಯ ಆ ಸಾಲು ಮಾತ್ರ ಹಾಗೇ ಬಲಿಯುತ್ತಾ ನಿಂತಿತ್ತು. ದಾರಿಯ ಪಕ್ಕದ ಹೊಲ. ಹೋಗುವವರು ಬರುವವರೆಲ್ಲ ನೋಡಿದರು, ನೋಡಿ ಸುಮ್ಮನಿರುವ ಊರಲ್ಲ ನಮ್ಮದು.

ಸಂಕ್ರಾಂತಿ ಕಳೆಯಿತು. ಅವರ ಮನೆಯಲ್ಲಿ ಹಸುವನ್ನು ಕಿಚ್ಚು ಹಾಯಿಸಲಿಲ್ಲ, ಎಳ್ಳು ಬೀರಲಿಲ್ಲ. ಆಮೇಲೆ ಹಾಲೂ ನಿಂತಿತು. ಮಿಲಿಟರಿ ಬಂದು, ಹಸುವಿಗೆ ಕೆಚ್ಚಲು ಬಾವು, ಇಂಜೆಕ್ಷನ್ ಆಗಿದೆ, ಹಾಲು ಹಾಕುವಂತಿಲ್ಲ ಎಂದು ನನಗೆ ಹೇಳಿ ಹೋದರು. ನಿಯಮ ಸರಿಯೇ. ಆದರೆ ಅವರು ನನ್ನ ಕಣ್ಣು ತಪ್ಪಿಸಿ ಹೇಳಿದ ರೀತಿ ನನಗೆ ಸರಿ ಕಾಣಲಿಲ್ಲ. ಅದೇ ಸಂಜೆ ಕಿರಣ, ಅವರು ಹೊಲದ ಬದುವಿನಲ್ಲಿ ಒಬ್ಬರೇ ನಿಂತು ಫೋನಿನಲ್ಲಿ ಮಾತಾಡಿ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವುದನ್ನು ಕಂಡನಂತೆ. ಕಂಡದ್ದನ್ನು ಮನೆಯಲ್ಲಿ ಹೇಳಿದ. ಅವನ ತಾಯಿ ಪುಟ್ಟಮ್ಮ, ಜಯಮ್ಮನ ಪಕ್ಕದ ಮನೆಯಾಕೆ, ಕೀಳದ ಅವರೆ, ಮಾಡದ ಹಬ್ಬ, ಬಾರದ ಹಾಲು, ಗಂಡಸಿನ ಕಣ್ಣೀರು ಎಲ್ಲವನ್ನೂ ಕೂಡಿಸಿದರು. ಹುಡುಗಿ ಹೋಗಿಬಿಟ್ಟಿದ್ದಾಳೆ, ಮನೆಯವರು ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನವಾಯಿತು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ಮಾಡಿ ಒಯ್ದು, ಬೇಡ ಬೇಡ ಎಂದರೂ ಬಲವಂತ ಮಾಡಿ ನಾಲ್ಕು ತುತ್ತು ತಿನ್ನಿಸುತ್ತಾರೆ. ಬಾಯಿಬಿಟ್ಟು ಹೇಳಿಕೊಳ್ಳಲಾರದ ದುಃಖಕ್ಕೂ ಅನ್ನ ಬೇಕಲ್ಲ ಎಂದು ಪುಟ್ಟಮ್ಮ ಮರುದಿನ ಬೆಳಗ್ಗೆಯೇ ಅಡುಗೆ ಮಾಡಿದರು. ಕೆಟ್ಟ ಮನಸ್ಸಿನಿಂದಲ್ಲ. ಪಾತ್ರೆಯ ಮೇಲೆ ಬಿಳಿ ಬಟ್ಟೆ ಮುಚ್ಚಿ, ಹಿಂದೆ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಡೇರಿಯ ಮುಂದೆಯೇ ಹೊರಟರು. ನಾನು ಅಳತೆ ನಿಲ್ಲಿಸಿ ಹಿಂದೆ ಹೋದೆ, ಹಾಲು ತಂದಿದ್ದ ಕಿರಣನೂ ಬಂದ. ಎಲ್ಲರಿಗೂ ಗೊತ್ತಿರುವ ಸುದ್ದಿ ನನಗೊಬ್ಬನಿಗೆ ಗೊತ್ತಿಲ್ಲ ಎಂದರೆ ಆ ಸುದ್ದಿಯ ಮೇಲೆಯೇ ನನಗೆ ಅನುಮಾನ.

ಜಯಮ್ಮ ಅಂಗಳ ಗುಡಿಸುತ್ತಿದ್ದರು. ತಲೆಯೆತ್ತಿ ನೋಡಿದರು. ಪುಟ್ಟಮ್ಮನ ಮುಖ, ಕೈಯಲ್ಲಿನ ಪಾತ್ರೆ, ಹಿಂದೆ ತಲೆ ತಗ್ಗಿಸಿ ನಿಂತ ಹೆಂಗಸರು. ಆ ಪಾತ್ರೆ ಯಾವ ಮನೆಗೆ ಬರುತ್ತದೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟೋ ಮನೆಗೆ ಅವರೇ ಹೊತ್ತಿದ್ದರು. ಪೊರಕೆ ಕೈಯಿಂದ ಬಿತ್ತು.

"ಯಾವಾಗ?" ಎಂದರು. ಅಷ್ಟೇ.

ಪುಟ್ಟಮ್ಮ ಅಳುವುದಕ್ಕೆ ಶುರು ಮಾಡಿದರು. ಮಿಲಿಟರಿ ಕೊಟ್ಟಿಗೆಯಿಂದ ಓಡಿಬಂದರು. ಜಯಮ್ಮ ಗಂಡನ ಕಡೆ ತಿರುಗಿ, "ನಿಮ್ಗೆ ಗೊತ್ತಿತ್ತು. ಗೊತ್ತಿದ್ದೂ ನಂಗೆ ಹೇಳ್ಲಿಲ್ಲ" ಎಂದರು. ಮಿಲಿಟರಿ ಪಾತ್ರೆಯನ್ನು ನೋಡಿದರು. ಅವರ ಮುಖದ ಬಣ್ಣ ಹೋಯಿತು. ಹಿಂದಿನ ಸಂಜೆ ತಾನೇ ಮಗಳ ಜೊತೆ ಮಾತಾಡಿದ್ದ ಮನುಷ್ಯ. ರಾತ್ರಿ ಏನೋ ಆಗಿದೆ, ಊರಿಗೆಲ್ಲ ಗೊತ್ತಾಗಿ ತನಗೆ ಮಾತ್ರ ತಿಳಿದಿಲ್ಲ ಎಂದುಕೊಂಡರು. "ಟೀವೀಲಿ ಬಂತೇನೋ ಕಿರಣ? ಏನ್ ಬಂತೋ? ಹೇಳೋ!" ಎಂದು ಅವನ ತೋಳು ಹಿಡಿದು ಅಲುಗಿಸಿದರು. ಕಿರಣ ಬೆಪ್ಪನಂತೆ ಅಮ್ಮನನ್ನು ನೋಡಿದ.

ನನಗೆ ಆಗ ಹೊಳೆಯಿತು. "ಪುಟ್ಟಮ್ಮ, ನಿಮ್ಗೆ ಯಾರು ಹೇಳಿದ್ದು?" ಎಂದೆ.

"ನಮ್ ಕಿರಣ."

"ನಾನೆಲ್ಲಿ ಹೇಳ್ದೆ? ಮಾವ ಅಳ್ತಿದ್ರು ಅಂದೆ ಅಷ್ಟೇ ಕಣಮ್ಮೋ!"

"ಹನುಮಂತಣ್ಣ, ಫೋನ್ ಹಚ್ಚಿ" ಎಂದೆ.

ಅವರು ಫೋನನ್ನು ಕಿರಣನ ಕೈಗೆ ತುರುಕಿದರು, ಅವನೇ ಹಚ್ಚಿಕೊಟ್ಟ. ಫೋನ್ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಅಲ್ಲಿ ಆಗ ನಡುರಾತ್ರಿ ಕಳೆದ ಹೊತ್ತು ಎಂಬುದು ನಮಗೆ ಯಾರಿಗೂ ನೆನಪಾಗಲಿಲ್ಲ. ಮತ್ತೆ ಹಚ್ಚಿದೆವು. ಆ ಅಂಗಳದಲ್ಲಿ ಅಷ್ಟು ಜನ ನಿಂತಿದ್ದರೂ ಹಸು ಮೆಲುಕು ಹಾಕುವುದು ಕೇಳುತ್ತಿತ್ತು. ನನ್ನ ಜೀವಮಾನದಲ್ಲಿ, ಈ ಸುದ್ದಿ ಸುಳ್ಳೆಂಬ ನನ್ನ ಅನುಮಾನ ನಿಜವಾಗಲಿ ಎಂದು ದೇವರನ್ನು ಬೇಡಿಕೊಂಡದ್ದು ಅದೊಂದು ಸಲ. ಇನ್ನೊಮ್ಮೆ ಹಚ್ಚಿದಾಗ ಎತ್ತಿದಳು.

"ಏನಪ್ಪಾ ಇಷ್ಟೊತ್ನಲ್ಲಿ? ಅಮ್ಮ ಹುಷಾರಾಗಿದಾಳಾ?"

ನಿದ್ದೆಗಣ್ಣಿನ, ಸಿಡುಕಿನ ದನಿ. ಅಂಥ ಇಂಪಾದ ಸಿಡುಕನ್ನು ನಾನು ಕೇಳಿಯೇ ಇಲ್ಲ. ಪುಟ್ಟಮ್ಮ ಪಾತ್ರೆಯ ಸಮೇತ ಜಗಲಿಯ ಮೇಲೆ ಕುಸಿದು ಕೂತರು. ಜಯಮ್ಮ ಫೋನು ಕಸಿದುಕೊಂಡರು. "ಮುಖ ತೋರ್ಸು. ದೀಪ ಹಾಕು. ಆ ಗೋಡೆ ಬಿಟ್ಟು ಬೇರೆ ತೋರ್ಸು." ಮಂಜುಳಾ ಫೋನು ತಿರುಗಿಸಿದಳು. ಇಕ್ಕಟ್ಟಾದ ಒಂದು ಕೋಣೆ, ದಪ್ಪ ಕಬ್ಬಿಣದ ಬಾಗಿಲು, ಮೂಲೆಯ ಮಂಚದಲ್ಲಿ ಬಾಯಿ ತೆರೆದು ಮಲಗಿದ್ದ ಬೆಳ್ಳಗಿನ ಮುದುಕಿ. ರಾಕೆಟ್ ಬಂದಾಗ ಸೇರಿಕೊಳ್ಳುವ ಕೋಣೆ ಅದು. ಓಡಲಾಗದ ಅಜ್ಜಿಯ ಜೊತೆ ಅವಳು ತಿಂಗಳುಗಳಿಂದ ಅಲ್ಲೇ ಮಲಗುತ್ತಿದ್ದಳು.

"ಅವರೆಕಾಯಿ ಕಾಲಕ್ಕೆ ಬರ್ತೀನಿ ಅಂದಿದ್ದೆ" ಎಂದರು ಜಯಮ್ಮ.

"ಅಪ್ಪಂಗೆ ಹೇಳಿದ್ನಲ್ಲಮ್ಮ ನಿನ್ನೆ. ಬೇರೆಯೋರು ಸಿಗೋವರ್ಗೂ ಈ ಅಜ್ಜೀನ ಬಿಟ್ ಬರಕ್ಕಾಗಲ್ಲ. ಮೊದ್ಲ ವಾರದಿಂದ ಅಪ್ಪ ದಿನಾ ಬಾ ಬಾ ಅಂತ ಒಂದೇ ಸಮ ಬಯ್ತಿದಾರೆ. ನಾನೇ ನಿಂಗೆ ಹೇಳ್ಬೇಡಿ ಅಂದಿದ್ದು."

ಎಲ್ಲರೂ ಮಿಲಿಟರಿಯನ್ನು ನೋಡಿದೆವು. ಆ ಸೈನ್ಯವನ್ನು ಬೆಂಚಿನ ಮೇಲೆ ಕೂತು ದಿನಾ ಹೊಗಳುತ್ತಿದ್ದವರು ದಿನಾ ಬದುವಿಗೆ ಹೋಗಿ ಮಗಳಿಗೆ ವಾಪಸ್ ಬಾ ಎಂದು ಅಂಗಲಾಚುತ್ತಿದ್ದರು. ಇಷ್ಟು ವರ್ಷ ನೀರು ಹಿಡಿದ ನಾನು ಈ ಕಲಬೆರಕೆಯನ್ನು ಹಿಡಿಯಲೇ ಇಲ್ಲ.

ಜಯಮ್ಮ ಗಂಡನಿಗೆ ಎದುರು ನಿಂತರು. "ಈಗ ನಿಜ ಹೇಳಿ. ನೀವು ಕಾವಲು ನಿಂತೋರು. ಆ ಸೈನ್ಯ ನನ್ ಮಗಳನ್ನ ಕಾಯ್ತದಾ?"

ಮಿಲಿಟರಿ ಹೆಗಲ ಮೇಲಿನ ಟವೆಲು ತೆಗೆದು ಮಡಿಚಿದರು. "ಯಾವ ಸೈನ್ಯಾನೂ ಎಲ್ಲಾ ಹೊತ್ತೂ ಎಚ್ಚರ ಇರಲ್ಲ ಕಣೇ. ನಾನೇ ಕಾವಲಿನಾಗೆ ನಿದ್ದೆ ಹೊಡ್ದಿದೀನಿ. ಆ ಹಿಮದಾಗೆ. ಮೇಲಿನೋರು ಬಂದು ಒದ್ದು ಎಬ್ಬಿಸಿದ್ರು. ಅವತ್ತು ವೈರಿ ಬರ್ಲಿಲ್ಲ, ಅದ್ಕೇ ನಾನು ಮಿಲಿಟರಿ ಅನ್ನಿಸ್ಕೊಂಡೆ" ಎಂದರು.

ರೆಪ್ಪೆ ಮುಚ್ಚದ ಕಾವಲಿನ ಕಥೆ ಕೇಳುತ್ತಾ ಬೆಳೆದ ಕಿರಣ ನೆಲ ನೋಡಿದ. ಫೋನಿನಲ್ಲಿ ಮಂಜುಳಾ, "ಅಪ್ಪಾ, ನೀವಾ?" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ನಿಮ್ಮಪ್ಪನ ಮಾತು ಕೇಳಿ ಹೋದೆ. ಆ ಅಜ್ಜಿಗೆ ಯಾರಾದ್ರೂ ಸಿಕ್ಕಿದ ದಿನ ನನ್ ಮಾತು ಕೇಳಿ ಬಾ" ಎಂದು ಜಯಮ್ಮ ಫೋನಿಟ್ಟರು. ಪುಟ್ಟಮ್ಮ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಹೊರಡುತ್ತಿದ್ದರು. "ಅದನ್ನೆಲ್ಲಿಗೆ ಒಯ್ತೀಯಾ ಪುಟ್ಟಿ? ಇವ್ರಿಗೇ ಬಡ್ಸು. ನಮ್ಮನೇಲಿ ಸತ್ತಿರೋದು ಇವ್ರ ಬಡಾಯಿ ಒಂದೇ."

ಮಿಲಿಟರಿ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆ ಅನ್ನವನ್ನು ಪೂರ್ತಿ ಉಂಡರು. ಎರಡನೇ ಸಲ ಸಾರು ಹಾಕಿಸಿಕೊಂಡರು. ಅಂದೇ ಜಯಮ್ಮ ಬಲಿತ ಅವರೆಯನ್ನೆಲ್ಲ ಕಿತ್ತು, ಕಾಳು ಬಿಡಿಸಿ, ಮಗಳ ಪಾಲೆಂದು ಒಣಗಿಸಿಟ್ಟರು.

ಬೇಸಿಗೆಯಲ್ಲಿ ಅವಳು ಬಂದಳು. ಆ ಅಜ್ಜಿಗೆ ಬೇರೊಬ್ಬಳು ಸಿಕ್ಕಿದ ಮೇಲೆಯೇ ಬಂದದ್ದು. ಮರುದಿನ ಬೆಳಗ್ಗೆ ಅಪ್ಪನ ಜೊತೆ ಕ್ಯಾನು ಹಿಡಿದು ಡೇರಿಗೂ ಬಂದಳು. ನಾನು ಎಂದಿನಂತೆ ಲ್ಯಾಕ್ಟೋಮೀಟರ್ ಇಳಿಸಿದೆ. ಮಗಳು ಬಂದಳೆಂದು ಹಾಲು ತಾನಾಗಿ ಗಟ್ಟಿಯಾಗುವುದಿಲ್ಲವಲ್ಲ. ಹಾಲು ಸರಿಯಾಗಿಯೇ ಇತ್ತು. ಬೆಂಚಿನ ಸುತ್ತ ಜನ ಸೇರಿದರು. ಅಷ್ಟು ತಿಂಗಳು ವಾದಿಸಿದ್ದಕ್ಕೆ ತೀರ್ಪು ಕೊಡುವವರು ಕೊನೆಗೂ ಸಿಕ್ಕಿದ್ದರು.

"ನೀನೇ ಹೇಳು ಮಂಜು" ಎಂದ ಕಿರಣ. "ಆ ಸೈನ್ಯ ನಿಜವಾಗ್ಲೂ ಹೆಂಗೆ?"

ಅವಳು ಯೋಚಿಸಿದಳು. "ನಂಗೇನ್ ಗೊತ್ತು ಕಣೋ. ಒಂದೊಂದ್ಸಲ ಅಜ್ಜೀನ ಗಾಲಿ ಕುರ್ಚೀಲಿ ಹೊರಗೆ ಕರ್ಕೊಂಡು ಹೋದಾಗ ಸೈರನ್ ಆಗ್ಬಿಡೋದು. ಕುರ್ಚಿ ಅಲ್ಲೇ ಬಿಟ್ಟು, ಅಜ್ಜೀನ ಬೆನ್ನ ಮೇಲೆ ಹೊತ್ಕೊಂಡು ಓಡ್ತಿದ್ದೆ. ತಿರುಗಿ ಸೈನ್ಯ ನೋಡಕ್ಕೆ ಪುರುಸೊತ್ತೆಲ್ಲಿತ್ತು?"

ಮಿಲಿಟರಿ ಬೆಂಚಿನ ಗೋಡೆ ಕಡೆಯ ತುದಿಯಿಂದ ಎದ್ದರು, ಟವೆಲಿನಿಂದ ಕಲ್ಲನ್ನು ಒರೆಸಿದರು.

"ಕೂತ್ಕೋ ಮಗಾ" ಎಂದರು.